ಅಣ್ಣನ ಪ್ರಬಂಧದ ಎರಡನೇ ಪ್ಯಾರಾ

“ನಿಮ್ಮಮ್ಮ ತೀರ್ಕೊಂಡು ಎಷ್ಟು ವರ್ಷ ಆಯ್ತು ಮಗಾ?”

ಜೆರಾಕ್ಸ್ ಅಂಗಡಿಯ ಶಕುಂತಲಮ್ಮ ಹೀಗೆ ಕೇಳಿದಾಗ ಸಮತಾ ಹಿಂದೆ ತಿರುಗಿ ನೋಡಿದಳು. ತನ್ನ ಬೆನ್ನ ಹಿಂದೆ ಬೇರೆ ಯಾರೋ ನಿಂತಿರಬೇಕು ಅಂದುಕೊಂಡಳು. ಯಾರೂ ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಒಂದು ನಾಯಿ ಮಲಗಿತ್ತು, ಅಷ್ಟೆ.

“ನನ್ನಮ್ಮನಾ ಆಂಟಿ?”

“ಹೂಂ ಕಣಮ್ಮ. ಪ್ರಿಂಟ್ ಸರಿಯಾಗಿ ಬಂದಿದೆಯಾ ಅಂತ ನೋಡ್ವಾಗ ಕಣ್ಣಿಗೆ ಬಿತ್ತು. ನಿಮ್ಮಣ್ಣ ಎಷ್ಟು ಚೆನ್ನಾಗಿ ಬರ್ದಿದಾನೆ. ಓದಿ ನಂಗೇ ಅಳು ಬಂತು.” ಶಕುಂತಲಮ್ಮ ಗಲ್ಲಾದ ಪಕ್ಕದ ಡಬ್ಬಿಯಿಂದ ಎರಡು ಚಾಕಲೇಟ್ ತೆಗೆದು ಸಮತಾಳ ಅಂಗೈಯಲ್ಲಿಟ್ಟರು. “ಧೈರ್ಯವಾಗಿರ್ಬೇಕು ಮಗಾ. ಚೆನ್ನಾಗಿ ಓದ್ಬೇಕು.”

ಸಮತಾ ಚಾಕಲೇಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳ ಅಮ್ಮ ಯಲ್ಲಮ್ಮ ಇವತ್ತು ಬೆಳಿಗ್ಗೆಯಷ್ಟೇ ಅವಳಿಗೆ ಎರಡು ಜಡೆ ಹಾಕಿದ್ದಳು. ಬಾಚಣಿಗೆಯಿಂದ ತಲೆಗೆ ಒಂದು ಮೊಟಕಿ, “ನೆಟ್ಟಗೆ ಕೂತ್ಕೊಳ್ಳೇ” ಅಂದಿದ್ದಳು. ಮೊಟಕಿದ ಜಾಗ ಈಗಲೂ ಗೊತ್ತಾಗುತ್ತಿತ್ತು.

ಬೆಚ್ಚಗಿನ ಎರಡು ಹಾಳೆಗಳನ್ನು ಸ್ಕೂಲ್ ಬ್ಯಾಗಿಗೆ ಸೇರಿಸಿ ಅವಳು ಅಂಗಡಿಯಿಂದ ಹೊರಗೆ ಬಂದಳು. ನಾಲ್ಕು ಹೆಜ್ಜೆ ನಡೆದು, ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಾಳೆಗಳನ್ನು ಮತ್ತೆ ಹೊರತೆಗೆದಳು.

ಅವು ಅವಳ ಅಣ್ಣ ಲೋಹಿತನ ಹಾಳೆಗಳು. ಲೋಹಿತ್ ಸೆಕೆಂಡ್ ಪಿಯುಸಿ. ಮೈಸೂರಿನ ಹತ್ತಿರದ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಅವನು ಅರ್ಜಿ ಹಾಕುತ್ತಿದ್ದ. ಲೋಹಗಳ ಬಗ್ಗೆ ಓದುವ ಕೋರ್ಸ್ ಅದು. ಅಲ್ಲಿ ಬರೀ ಮಾರ್ಕ್ಸ್ ಸಾಲದು. ನೀವು ಯಾರು, ನಿಮ್ಮ ಬದುಕನ್ನು ಬದಲಿಸಿದ ದಿನ ಯಾವುದು ಅಂತ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕು. ಚೆನ್ನಾಗಿ ಬರೆದವರಿಗೆ ಪೂರ್ತಿ ಸ್ಕಾಲರ್‌ಶಿಪ್. ಒಂದು ತಿಂಗಳಿಂದ ಮನೆಯಲ್ಲಿ ಅದೇ ಮಾತು. ಇವತ್ತು ಕಾಲೇಜಿನಲ್ಲಿ ಪ್ರಾಕ್ಟಿಕಲ್ಸ್ ಇದ್ದದ್ದರಿಂದ, ಪ್ರಿಂಟ್ ತರುವ ಕೆಲಸವನ್ನು ಅವನು ತಂಗಿಗೆ ಹೇಳಿದ್ದ.

ಸಮತಾ ಆರನೇ ಕ್ಲಾಸು. ಇಂಗ್ಲಿಷ್ ನಿಧಾನವಾಗಿ ಓದುತ್ತಾಳೆ. ಆದರೆ ಅರ್ಥ ಮಾಡಿಕೊಳ್ಳುತ್ತಾಳೆ.

ಮೊದಲ ಪ್ಯಾರಾದಲ್ಲಿ ಎಲ್ಲ ಸರಿಯಾಗಿತ್ತು. ನಾನು ಲೋಹಿತ್, ಕಬ್ಬಿಣದ ಊರು ಭದ್ರಾವತಿಯವನು. ನನ್ನ ತಂದೆ ಮಾರಪ್ಪ ಲಾರಿ ಡ್ರೈವರ್. ನನಗೊಬ್ಬಳು ತಂಗಿ.

ಎರಡನೇ ಪ್ಯಾರಾದ ಮೊದಲ ಸಾಲು: ನಾನು ಹನ್ನೆರಡು ವರ್ಷದವನಾಗಿದ್ದಾಗ ನನ್ನ ತಾಯಿಯನ್ನು ಕಳೆದುಕೊಂಡೆ.

ಕಳೆದುಕೊಂಡನಾ? ಎಲ್ಲಿ? ಸಮತಾಳಿಗೆ ಮೊದಲು ಶಿವಮೊಗ್ಗದ ಬಸ್ ಸ್ಟ್ಯಾಂಡ್ ನೆನಪಾಯಿತು. ಅಲ್ಲಿ ಒಮ್ಮೆ ಅವಳೇ ಅಮ್ಮನ ಕೈ ತಪ್ಪಿಸಿಕೊಂಡು ಹತ್ತು ನಿಮಿಷ ಅತ್ತಿದ್ದಳು. ಅಂಥದ್ದೇ ಏನೋ ಇರಬೇಕು.

ಮುಂದಿನ ಸಾಲು ಓದಿದಳು. ಅಮ್ಮನಿಗೆ ಮೂರು ದಿನ ಜ್ವರ ಇತ್ತಂತೆ. ಆಸ್ಪತ್ರೆಗೆ ಸೇರಿಸುವುದು ತಡವಾಯಿತಂತೆ. ಬೆಳಗಿನ ಜಾವ ಅಮ್ಮ ಅಣ್ಣನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳಂತೆ. ಅದಾದ ಮೇಲೆ ಇನ್ನೂ ಒಂದು ಸಾಲಿತ್ತು: ಆ ದಿನ ನಾನು ಅಳಲಿಲ್ಲ. ಮನೆಗೆ ಬಂದು ವಿಜ್ಞಾನದ ಪುಸ್ತಕ ತೆರೆದು ಕೂತೆ.

ಎದುರಿನ ರಸ್ತೆಯಲ್ಲಿ ಆಟೋಗಳು ಹೋಗುತ್ತಿದ್ದವು, ಆದರೆ ಸಮತಾಳಿಗೆ ಸದ್ದು ಕೇಳುತ್ತಿರಲಿಲ್ಲ. ಇದು ಅಣ್ಣನ ಹಾಳೆಯೇ ಅಲ್ಲವೇನೋ, ಬೇರೆಯವರದ್ದು ಬಂದಿರಬಹುದು ಅಂತ ಮೇಲಿನ ಹೆಸರನ್ನು ಮತ್ತೆ ನೋಡಿದಳು. ಲೋಹಿತ್ ಎಂ. ತಾಯಿಯ ಹೆಸರೂ ಇತ್ತು. ಯಲ್ಲಮ್ಮ.

ಮನೆಗೆ ಬೀಗ ಹಾಕಿತ್ತು. ಅಪ್ಪ ಲಾರಿ ತೆಗೆದುಕೊಂಡು ಹೋಗಿ ಎರಡು ದಿನವಾಗಿತ್ತು, ಬರುವುದು ಇನ್ನೂ ಒಂದು ವಾರ. ಅಣ್ಣ ಬಂದಿರಲಿಲ್ಲ. ಕೀ ಸಮತಾಳ ಹತ್ತಿರವೇ ಇತ್ತು. ಒಳಗೆ ಹೋಗಿ, ಅಮ್ಮ ಮುಚ್ಚಿಟ್ಟಿದ್ದ ಚಿತ್ರಾನ್ನವನ್ನು ತಟ್ಟೆಗೆ ಹಾಕಿಕೊಂಡಳು. ತಿನ್ನಲು ಆಗಲಿಲ್ಲ. ಇಂಗು, ಸಾಸಿವೆ, ಅಮ್ಮನ ಕೈಯ ವಾಸನೆ ಎಲ್ಲ ಅದರಲ್ಲಿತ್ತು. ಬರೆದಿಟ್ಟದ್ದು ನಿಜವಾಗಿಬಿಟ್ಟರೆ?

ಅದು ಹುಚ್ಚು ಯೋಚನೆ ಅಂತ ಅವಳಿಗೂ ಗೊತ್ತಿತ್ತು. ಆದರೂ ಐದೂವರೆಗೇ ಮನೆಗೆ ಬೀಗ ಹಾಕಿ, ಮೇನ್ ರೋಡಿನ ಕಡೆಗೆ ನಡೆದಳು.

ಯಲ್ಲಮ್ಮ ಮಾಚೇನಹಳ್ಳಿಯಲ್ಲಿ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ. ಶರ್ಟುಗಳಿಗೆ ಕಾಲರ್ ಹೊಲಿಯುತ್ತಾಳೆ. ಮನೆಯಿಂದ ಮೇನ್ ರೋಡಿನ ತನಕ ಸೈಕಲ್ಲಿನಲ್ಲಿ ಹೋಗಿ, ಅದನ್ನು ಅಲ್ಲಿಯ ಟೀ ಅಂಗಡಿಯ ಪಕ್ಕ ನಿಲ್ಲಿಸಿ, ಕಂಪನಿ ಬಸ್ಸು ಹತ್ತುತ್ತಾಳೆ. ಸಂಜೆ ಆರು ಹತ್ತಕ್ಕೆ ಬಸ್ಸು ವಾಪಸ್ ಬರುತ್ತದೆ.

ಸೈಕಲ್ ಅಲ್ಲೇ ಇತ್ತು. ಸಮತಾ ಅದರ ಸೀಟಿನ ಮೇಲೆ ಕೈ ಇಟ್ಟುಕೊಂಡು ನಿಂತಳು.

ಆರು ಹತ್ತಾಯಿತು. ಆರೂ ಇಪ್ಪತ್ತಾಯಿತು. ಬೇರೆ ಎರಡು ಫ್ಯಾಕ್ಟರಿಗಳ ಬಸ್ಸು ಬಂದು ಹೋದವು. ಆರೂ ನಲವತ್ತಕ್ಕೆ ಬೀದಿ ದೀಪ ಹತ್ತಿದವು. ಟೀ ಅಂಗಡಿಯವನು, “ಯಾರಿಗೆ ಕಾಯ್ತಿದೀಯ ಪುಟ್ಟಿ?” ಅಂತ ಕೇಳಿದ. “ಅಮ್ಮಂಗೆ” ಅಂದು ಸಮತಾ ಮತ್ತೆ ರಸ್ತೆಯ ಕಡೆ ನೋಡಿದಳು.

ಏಳಕ್ಕೆ ಐದು ನಿಮಿಷ ಇರುವಾಗ ಬಸ್ಸು ಬಂತು. ಒಬ್ಬೊಬ್ಬರೇ ಇಳಿದರು. ನಾಲ್ಕು ಜನ. ಐದು. ಆರನೆಯವಳು ಯಲ್ಲಮ್ಮ, ಹೆಗಲಿನಲ್ಲಿ ಟಿಫನ್ ಬ್ಯಾಗ್, ಕೂದಲಿನ ತುಂಬ ಬಿಳಿ ನೂಲಿನ ಚೂರು.

“ಇದೇನೇ ಇಲ್ಲಿ? ಒಬ್ಳೇ ಬಂದ್ಯಾ? ಬಸ್ಸು ಪಂಚರ್ ಆಗಿತ್ತು ಕಣೇ. ಅಯ್ಯೋ, ಯಾಕೆ ಅಳ್ತಿದೀಯ? ಯಾರಾದ್ರೂ ಏನಾದ್ರೂ ಅಂದ್ರಾ?”

“ಇಲ್ಲ. ಸುಮ್ನೆ.”

ಸಮತಾ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಅಮ್ಮನ ಸೊಂಟವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಅಮ್ಮನ ಬೆನ್ನು ಬೆಚ್ಚಗಿತ್ತು. ಅಮ್ಮ ಏದುಸಿರು ಬಿಡುತ್ತಾ ಪೆಡಲ್ ತುಳಿಯುತ್ತಿದ್ದಳು.

“ಹೊಟ್ಟೆ ಹಿಸುಕ್ತಿದೀಯಲ್ಲೇ ಮಾರಾಯ್ತಿ, ಉಸಿರಾಡಕ್ಕೆ ಬಿಡು” ಅಂದಳು.

ಸಮತಾ ಕೈ ಸಡಿಲ ಮಾಡಲಿಲ್ಲ.

ಮನೆಗೆ ಬಂದ ಮೇಲೆ ಯಲ್ಲಮ್ಮ ಕೈಕಾಲು ತೊಳೆದು, ಮಗಳ ಬ್ಯಾಗಿನಿಂದ ಟಿಫನ್ ಡಬ್ಬಿ ತೆಗೆಯಲು ಹೋದಳು. ಡಬ್ಬಿಯ ಜೊತೆಗೆ ಎರಡು ಹಾಳೆಗಳೂ ಬಂದವು.

“ಇದು ನಿಮ್ಮಣ್ಣನ ಪ್ರಬಂಧ ಅಲ್ವಾ?” ಯಲ್ಲಮ್ಮ ಒದ್ದೆ ಬೆರಳು ತಾಗದ ಹಾಗೆ ಹಾಳೆಯನ್ನು ಅಂಚಿನಲ್ಲಿ ಹಿಡಿದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಪೇಪರ್ ಓದುತ್ತಾಳೆ. ಇಂಗ್ಲಿಷಿನಲ್ಲಿ ತನ್ನ ಹೆಸರು ಮಾತ್ರ ಗೊತ್ತು, ಕಂಪನಿಯ ಐಡಿ ಕಾರ್ಡಿನಲ್ಲಿ ದಿನಾ ನೋಡಿ. “ಇಲ್ಲಿ ನನ್ನ ಹೆಸ್ರಿದೆ ನೋಡು. ನನ್ ಬಗ್ಗೆನೂ ಬರ್ದಿದಾನಾ? ಓದೇ, ಕೇಳ್ತೀನಿ.”

“ಅಣ್ಣ ಬರಲಿ ಅಮ್ಮ. ಅವ್ನೇ ಓದ್ತಾನೆ.”

“ಅವ್ನು ನಾಚ್ಕೋತಾನೆ. ನೀನು ಓದು. ಕನ್ನಡದಲ್ಲಿ ಹೇಳು.” ಯಲ್ಲಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಅವಳ ಮುಖದಲ್ಲಿ ಎಂಥ ಆಸೆ ಇತ್ತೆಂದರೆ, ಸಮತಾಳಿಗೆ ಇಲ್ಲ ಅನ್ನಲು ಆಗಲಿಲ್ಲ.

ಮೊದಲ ಪ್ಯಾರಾ ಓದಿ ಹೇಳಿದಳು. ಕಬ್ಬಿಣದ ಊರು. ಲಾರಿ ಡ್ರೈವರ್ ಅಪ್ಪ. ಒಬ್ಬಳು ತಂಗಿ.

“ಹೂಂ, ಮುಂದೆ?”

ಸಮತಾ ಎರಡನೇ ಪ್ಯಾರಾಕ್ಕೆ ಬಂದಳು. ನಾನು ಹನ್ನೆರಡು ವರ್ಷದವನಾಗಿದ್ದಾಗ. ಅಕ್ಷರಗಳು ಅಲ್ಲೇ ಇದ್ದವು. ಅಮ್ಮ ಎದುರಿಗೇ ಕೂತಿದ್ದಳು, ಪಾದಗಳನ್ನು ಒಂದರ ಮೇಲೊಂದು ಉಜ್ಜಿಕೊಳ್ಳುತ್ತಾ.

“ನಾನು... ನಾನು ಒಂಬತ್ತನೇ ಕ್ಲಾಸಲ್ಲಿ ಇದ್ದಾಗ” ಸಮತಾ ಕಣ್ಣನ್ನು ಹಾಳೆಯಿಂದ ಎತ್ತದೆ ಹೇಳಿದಳು, “ನಮ್ಮಮ್ಮ ಮೇನ್ ರೋಡಿನವರೆಗೆ ನಡ್ಕೊಂಡು ಹೋಗ್ತಿದ್ರು. ಎರಡು ಕಿಲೋಮೀಟರ್. ಆಗಾಗ ಬಸ್ಸು ತಪ್ಪೋದು. ಅದಕ್ಕೆ ನಾನು ನಮ್ಮಮ್ಮಂಗೆ ಸೈಕಲ್ ಕಲಿಸ್ದೆ.”

ಯಲ್ಲಮ್ಮ ನೆಟ್ಟಗೆ ಕೂತಳು. “ಅದನ್ನ ಬರ್ದಿದಾನಾ?”

“ಹೂಂ. ದಿನಾ ಬೆಳಿಗ್ಗೆ ಸ್ಕೂಲ್ ಮೈದಾನಕ್ಕೆ ಕರ್ಕೊಂಡು ಹೋಗ್ತಿದ್ದೆ. ಅಮ್ಮ ಸೀರೆ ಉಟ್ಕೊಂಡು ಸೈಕಲ್ ಹತ್ತಕ್ಕಾಗಲ್ಲ ಅಂತ ಪಕ್ಕದ್ಮನೆ ಶಾಮಲಾ ಅಕ್ಕನ ಚೂಡಿದಾರ ಇಸ್ಕೊಂಡ್ರು. ಮೊದಲನೇ ದಿನ ಲಂಟಾನದ ಪೊದೆ ಒಳಗೆ ಹೋಗಿ ಬಿದ್ರು. ಕೈಯೆಲ್ಲ ತರಚಿತು. ವಾಕಿಂಗ್ ಬಂದೋರೆಲ್ಲ ನಿಂತ್ಕೊಂಡು ನಗ್ತಿದ್ರು. ನಂಗೆ ಯಾಕಪ್ಪಾ ಬಂದೆ ಅನ್ನಿಸ್ತು. ಆದ್ರೆ ಅಮ್ಮ ಎದ್ದು ಚೂಡಿದಾರ ಕೊಡವಿಕೊಂಡು, ‘ಹಿಡ್ಕೊಳ್ಳೋ, ಇನ್ನೊಂದ್ಸಲ’ ಅಂದ್ರು.”

ಇದನ್ನೆಲ್ಲ ಸಮತಾ ಯಾವ ಹಾಳೆಯಲ್ಲೂ ಓದಬೇಕಾಗಿರಲಿಲ್ಲ. ಆಗ ಅವಳು ಮೂರನೇ ಕ್ಲಾಸು. ಮೈದಾನದ ಕಟ್ಟೆಯ ಮೇಲೆ ನೀರಿನ ಬಾಟ್ಲಿ ಹಿಡಿದು, ನಿದ್ದೆಗಣ್ಣಿನಲ್ಲಿ ಎಲ್ಲವನ್ನೂ ನೋಡಿದ್ದಳು.

“ಆಮೇಲೆ ಒಂದಿನ ನಾನು ಕ್ಯಾರಿಯರ್ ಹಿಡ್ಕೊಂಡು ಹಿಂದೆ ಓಡ್ತಾ ಓಡ್ತಾ ಕೈ ಬಿಟ್ಬಿಟ್ಟೆ. ಅಮ್ಮಂಗೆ ಗೊತ್ತಾಗ್ಲಿಲ್ಲ. ಒಬ್ರೇ ಒಂದು ಸುತ್ತು ಹಾಕಿದ್ರು.”

ಯಲ್ಲಮ್ಮ ನಕ್ಕಳು. ಬಾಯಿಗೆ ಸೆರಗು ಹಿಡಿದು, ಭುಜ ಕುಣಿಸಿ ನಕ್ಕಳು. ಆಮೇಲೆ, “ಗೊತ್ತಾಗಿತ್ತು ಕಣೇ” ಅಂದಳು.

ಸಮತಾ ತಲೆ ಎತ್ತಿದಳು.

“ಹಿಂದೆ ಅವ್ನು ಓಡೋ ಸದ್ದು ನಿಂತೋಯ್ತು. ಕೈ ಬಿಟ್ಟ ಅಂತ ಗೊತ್ತಾಯ್ತು. ಎದೆ ಧಸಕ್ ಅಂತು. ಆದ್ರೆ ತಿರುಗಿ ನೋಡಿದ್ರೆ ಹುಡುಗ ಹೆದ್ರಿ ಮತ್ತೆ ಬಂದು ಹಿಡ್ಕೋತಾನೆ. ಅವ್ನು ಹಿಡ್ಕೊಂಡ್ರೆ ನಾನು ಕಲಿಯಲ್ಲ. ಅದಕ್ಕೆ ಗೊತ್ತಿಲ್ದೋಳ ಹಾಗೆ ತುಳ್ಕೊಂಡು ಹೋದೆ. ಇದನ್ನ ಅವ್ನಿಗೆ ಹೇಳೇ ಇಲ್ಲ ನೋಡು.”

ಬಾಗಿಲ ಹತ್ತಿರ ಏನೋ ಸದ್ದಾಯಿತು. ಲೋಹಿತ್ ನಿಂತಿದ್ದ. ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

“ಎಷ್ಟು ಚೆನ್ನಾಗಿ ಬರ್ದಿದೀಯೋ” ಅಂದಳು ಯಲ್ಲಮ್ಮ. “ಟೀ ಇಡ್ತೀನಿ, ಬಾ ಒಳಗೆ.”

ಅವಳು ಅಡಿಗೆಮನೆಗೆ ಹೋದಳು. ಲೋಹಿತ್ ಒಳಗೆ ಬರಲಿಲ್ಲ. ಒಂದೇ ಶೂನಲ್ಲಿ ಹೊರಗಿನ ಮೆಟ್ಟಿಲಿನ ಮೇಲೆ ಕೂತುಬಿಟ್ಟ. ಸಮತಾ ಹಾಳೆಗಳನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು.

“ಯಾಕೋ ಹೀಗೆ ಬರ್ದೆ?”

ಅವನು ಇನ್ನೊಂದು ಶೂ ಬಿಚ್ಚಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಕೋಚಿಂಗ್ ಸೆಂಟರ್ ಇದೆ. ಅಲ್ಲಿ ರವಿಶಂಕರ್ ಸರ್ ಅಂತ ಒಬ್ಬರು ಅರ್ಜಿ ತುಂಬಿಸಿ, ಪ್ರಬಂಧ ತಿದ್ದಿಕೊಡುತ್ತಾರೆ.

“ನಾನು ಬರ್ದಿದ್ದು ಬೇರೆ ಇತ್ತು. ಸೈನ್ಸ್ ಎಕ್ಸಿಬಿಷನ್ ಬಗ್ಗೆ. ಸರ್ ಓದಿ, ಇದ್ರಲ್ಲಿ ಏನಿದೆ, ಇಂಥವು ಸಾವಿರ ಬರ್ತಾವೆ ಅಂದ್ರು. ಓದೋರಿಗೆ ಶಾಕ್ ಆಗ್ಬೇಕಂತೆ. ನಿಮ್ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ ಅಂತ ಕೇಳಿದ್ರು. ಅಜ್ಜಿ ಅಂದೆ. ಅಜ್ಜಿ ಸಾಕಾಗಲ್ಲ ಅಂದ್ರು.”

“ಅದಕ್ಕೆ ಅಮ್ಮನ್ನ ಕೊಟ್ಯಾ?”

ಲೋಹಿತ್ ಹಾಳೆಗಳನ್ನು ಉಲ್ಟಾ ಮಾಡಿ ಇಟ್ಟ. “ಅವ್ರೇ ಟೈಪ್ ಮಾಡಿದ್ರು. ನಾನು ಬೇಡ ಅನ್ಲಿಲ್ಲ. ಯಾರ್ ಬಂದು ನೋಡ್ತಾರೆ ಅನ್ನಿಸ್ತು.” ಅವನ ಧ್ವನಿ ಸಣ್ಣಗಾಯಿತು. “ಇನ್ನೂ ಟೈಮಿದೆ. ಸೋಮವಾರ ಸಂಜೆವರೆಗೂ ಇದೆ. ನಾಳೆ ಹೋಗಿ ಬದಲಾಯಿಸ್ಬಿಡ್ತೀನಿ. ನೀನು ಓದಿದ್ಯಲ್ಲ, ಅದನ್ನೇ ಬರೀತೀನಿ.”

“ನಾನು ಓದ್ಲಿಲ್ಲ” ಅಂದಳು ಸಮತಾ. “ಹೇಳ್ದೆ.”

ಮಾರನೆಯ ದಿನ ಭಾನುವಾರ. ಲೋಹಿತ್ ಬೆಳಿಗ್ಗೆ ಬೇಗ ಎದ್ದು ಬರೆಯಲು ಕೂತ. ಮಧ್ಯೆ ಮಧ್ಯೆ ಸಮತಾಳನ್ನು ಕೇಳುತ್ತಿದ್ದ. ಚೂಡಿದಾರದ ಬಣ್ಣ ಯಾವುದಿತ್ತು? ಅವತ್ತು ಅಮ್ಮ ಎಷ್ಟು ಸುತ್ತು ಹೊಡೆದಳು? ಹನ್ನೊಂದು ಗಂಟೆಗೆ ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು. ಹೊಸ ಪ್ರಬಂಧ ಲೋಹಿತನ ಜೇಬಿನಲ್ಲಿ ಮಡಿಚಿಕೊಂಡು ಕೂತಿತ್ತು. ನಿನ್ನೆಯಿಂದ ಮೊದಲ ಸಲ ಅವನು ನಕ್ಕಿದ್ದ.

ಸವಳಂಗ ರಸ್ತೆಯ ಆ ಸೆಂಟರ್ ಒಂದು ಬೇಕರಿಯ ಮೇಲಿತ್ತು. ಗೋಡೆಯ ತುಂಬ ಸೀಟು ಸಿಕ್ಕವರ ಫೋಟೋಗಳು. ರವಿಶಂಕರ್ ಸರ್ ಒಳ್ಳೆಯವರ ಹಾಗೆಯೇ ಕಾಣುತ್ತಿದ್ದರು. ಸಮತಾಳಿಗೆ ಕುರ್ಚಿ ಎಳೆದು ಕೊಟ್ಟು, ಯಾವ ಸ್ಕೂಲು ಅಂತ ಕೇಳಿದರು. ಲೋಹಿತನ ಹಾಳೆಯನ್ನು ಪೂರ್ತಿ ಓದಿದರು.

“ಸೈಕಲ್ ಕಲಿಸಿದ ಕತೆ. ಚೆನ್ನಾಗಿದೆ ಕಣಪ್ಪ. ಆದ್ರೆ ತಡ ಆಯ್ತು.”

“ಇಲ್ಲ ಸರ್. ನಾಳೆ ತನಕ ಟೈಮಿದೆ.”

“ನಿನ್ನೆ ಮಧ್ಯಾಹ್ನವೇ ನಿಂದು ಸಬ್‌ಮಿಟ್ ಮಾಡ್ಬಿಟ್ಟೆನಲ್ಲ. ಕೊನೇ ದಿನ ಸರ್ವರ್ ಕೈ ಕೊಡುತ್ತೆ ಅಂತ. ಈಗ ಫಾರ್ಮ್ ಲಾಕ್ ಆಗಿದೆ. ಬದಲಾಯಿಸಕ್ಕೆ ಬರಲ್ಲ.”

ಫ್ಯಾನಿನ ಗಾಳಿಗೆ ಹೊಸ ಪ್ರಬಂಧದ ಹಾಳೆ ಮೇಜಿನ ಮೇಲಿಂದ ಹಾರಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

“ಹೆದರ್ಬೇಡ” ಅಂದರು ಸರ್. “ಮೊದಲನೇ ಲಿಸ್ಟಲ್ಲೇ ನಿನ್ನ ಹೆಸ್ರು ಬರುತ್ತೆ, ಬರೆದಿಟ್ಕೋ. ಆಮೇಲೆ ಅವ್ರು ಮನೆಗೆ ಒಂದು ಫೋನ್ ಮಾಡ್ತಾರೆ, ಅಷ್ಟೆ. ಪೋಷಕರ ನಂಬರ್ ಅಂತ ಯಾವ್ದು ಕೊಟ್ಟಿದ್ದೆ?”

“ಅಮ್ಮಂದು ಸರ್. ಅಪ್ಪ ಲಾರಿ ಓಡಿಸ್ವಾಗ ಫೋನ್ ಎತ್ತಲ್ಲ ಅಂತ.”

ಸರ್ ಹಣೆ ಉಜ್ಜಿಕೊಂಡರು. ಸಮತಾ ಆಗ ಬಾಯಿ ಬಿಟ್ಟಳು. “ಸರ್, ಅಮ್ಮನೇ ಫೋನ್ ಎತ್ತಿದ್ರೆ ಏನಂತ ಹೇಳ್ಬೇಕು?”

“ಅದಕ್ಕೇನು. ಚಿಕ್ಕಮ್ಮ ಅಂತ ಹೇಳಿದ್ರಾಯ್ತು. ಒಂದು ಮಾತು. ಮಗನ ಭವಿಷ್ಯಕ್ಕೆ ಅಂತ ಹೇಳು, ಯಾವ ತಾಯಿ ಬೇಡ ಅಂತಾಳೆ?”

ಸಮತಾ ಅಣ್ಣನ ಕಡೆ ನೋಡಿದಳು. ಅಮ್ಮ ಫೋನ್ ಕಿವಿಗೆ ಹಿಡಿದು, ನಾನು ಇವರ ಚಿಕ್ಕಮ್ಮ ಅಂತ ಹೇಳುವುದು ಅವಳ ಕಣ್ಣಿಗೆ ಕಟ್ಟಿತು. ಅಮ್ಮ ಹೇಳಿಯೂ ಬಿಡುತ್ತಾಳೆ, ಅದೇ ಭಯ.

ಲೋಹಿತ್ ಬಗ್ಗಿ ಹಾಳೆ ಎತ್ತಿಕೊಂಡ. “ಸರ್, ಅಲ್ಲಿಯ ಮೇಲ್ ಐಡಿ ಕೊಡಿ.”

“ಯಾಕೆ?”

“ಅದು ಸುಳ್ಳು ಅಂತ ಬರೀತೀನಿ.”

“ತಲೆಗಿಲೆ ಕೆಟ್ಟಿದೆಯಾ ಮಾರಾಯ? ಬರೆದ್ರೆ ಸೀಟು ಹೋಯ್ತು ಅಂತಲೇ ಲೆಕ್ಕ. ನಿಂಗೆ ಒಳ್ಳೇದಾಗ್ಲಿ ಅಂತ ನಾನು ಮಾಡಿದ್ದು. ನಾಳೆವರೆಗೂ ಯೋಚ್ನೆ ಮಾಡು.” ಆದರೂ ಅವರು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಸಮತಾ ಕಿಟಕಿಯ ಪಕ್ಕ ಕೂತಳು. ಮಾಚೇನಹಳ್ಳಿ ಹತ್ತಿರ ಅಮ್ಮನ ಗಾರ್ಮೆಂಟ್ಸಿನ ನೀಲಿ ಗೇಟ್ ಕಂಡಿತು. ಲೋಹಿತ್ ಮುಖ ಇನ್ನೊಂದು ಕಡೆಗೆ ತಿರುಗಿಸಿಕೊಂಡ.

ಮನೆಯಲ್ಲಿ ಯಲ್ಲಮ್ಮ ಕಾವಲಿಯ ಮೇಲೆ ಅಕ್ಕಿರೊಟ್ಟಿ ಹಾಕುತ್ತಿದ್ದಳು. ಲೋಹಿತ್ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ನಿಂತು ನಿಂತು, ತಡವರಿಸಿ ತಡವರಿಸಿ. ಸಮತಾ ಅವನ ಹಿಂದೆ ನಿಂತು, ಅಮ್ಮ ಬಯ್ಯಲಿ ದೇವರೇ ಅಂದುಕೊಂಡಳು. ಅಮ್ಮ ಬೈದರೆ ಎಲ್ಲ ಬೇಗ ಮುಗಿಯುತ್ತದೆ.

ಯಲ್ಲಮ್ಮ ಬೈಯಲಿಲ್ಲ. ರೊಟ್ಟಿ ಮಗುಚಿದಳು.

“ಹೇಗೆ ಸತ್ತೆ ನಾನು?” ಅಂತ ಕೇಳಿದಳು.

“ಜ್ವರ ಬಂದು.”

“ಎಷ್ಟು ದಿನ?”

“ಮೂರು ದಿನ.”

“ಆಸ್ಪತ್ರೆಗಾದ್ರೂ ಸೇರಿಸಿದ್ರಾ?”

“ತಡ ಆಯ್ತು ಅಂತ ಬರ್ದಿದೆ.”

“ಹೋಗ್ಲಿ ಬಿಡು” ಅಂದಳು ಯಲ್ಲಮ್ಮ. ಅವಳ ಧ್ವನಿಯಲ್ಲಿ ನಗು ಇತ್ತು, ಅಥವಾ ನಗುವಿನಂಥದ್ದು ಇತ್ತು. “ಬದುಕಿರೋರು ಸತ್ರು ಅಂತ ಸುದ್ದಿಯಾದ್ರೆ ಆಯಸ್ಸು ಹೆಚ್ಚಂತೆ. ನೀನು ತುಂಬ ಅತ್ಯಾ?”

ಲೋಹಿತ್ ನೆಲ ನೋಡಿದ.

“ಕೇಳಿದ್ನಲ್ಲೋ. ಅತ್ತೆ ಅಂತ ಬರ್ದಿದೆಯಾ?”

“ಇಲ್ಲ” ಅಂದ ಲೋಹಿತ್. “ಅಳಲಿಲ್ಲ ಅಂತ ಇದೆ. ಮನೆಗೆ ಬಂದು ಸೈನ್ಸ್ ಪುಸ್ತಕ ತೆಗೆದು ಓದಕ್ಕೆ ಕೂತೆ ಅಂತ.”

ರೊಟ್ಟಿ ಮಗುಚುತ್ತಿದ್ದ ಯಲ್ಲಮ್ಮನ ಕೈ ಹಾಗೇ ನಿಂತಿತು. ರೊಟ್ಟಿಯ ಅಂಚು ಸೀದು, ಹೊಗೆ ಎದ್ದಿತು. ಅವಳು ತೆಗೆಯಲಿಲ್ಲ.

“ಅಳಲಿಲ್ವಾ” ಅಂದಳು.

“ನಾನು ಬರ್ದಿದ್ದಲ್ಲಮ್ಮ ಅದು.”

“ನಿನ್ನ ಹೆಸ್ರಿದೆಯಲ್ಲೋ.”

ಲೋಹಿತ್ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ಅತ್ತ. ಹದಿನೇಳು ವರ್ಷದ ಅಣ್ಣ ಹೀಗೆ ಅಳುವುದನ್ನು ಸಮತಾ ನೋಡಿರಲಿಲ್ಲ. ಅಮ್ಮ ಬಂದು ಅವನ ತಲೆ ಸವರುತ್ತಾಳೆ ಅಂದುಕೊಂಡಳು. ಅಮ್ಮ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಸೀದ ರೊಟ್ಟಿ ತೆಗೆದು, ಇನ್ನೊಂದನ್ನು ತಟ್ಟಲು ಶುರು ಮಾಡಿದಳು. ಒಂದೇ ರೊಟ್ಟಿಯನ್ನು ಎಷ್ಟೋ ಹೊತ್ತು ತಟ್ಟಿದಳು. ಅದು ಅಲ್ಲಲ್ಲಿ ಹರಿದುಹೋಯಿತು.

ಸಮತಾ ಹೋಗಿ ಒಲೆ ಸಣ್ಣದು ಮಾಡಿದಳು. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಲೋಹಿತ್ ಅವತ್ತು ಸಂಜೆಯೇ ಮೇಲ್ ಬರೆದ. ಹೊರಗಿನ ಮೆಟ್ಟಿಲ ಮೇಲೆ ಕೂತು, ತುದಿ ಒಡೆದ ಫೋನಿನಲ್ಲಿ, ಒಂದೊಂದೇ ಅಕ್ಷರ ಒತ್ತಿ. ಮೊದಲ ಸಾಲನ್ನು ಸಮತಾಳಿಗೆ ತೋರಿಸಿದ. ನನ್ನ ತಾಯಿ ಯಲ್ಲಮ್ಮ ಬದುಕಿದ್ದಾರೆ. ಪ್ರಬಂಧದ ಎರಡನೇ ಪ್ಯಾರಾ ಸುಳ್ಳು, ಅದಕ್ಕೆ ನಾನು ಹೊಣೆ.

“ಸರ್ ಟೈಪ್ ಮಾಡಿದ್ದು ಅಂತ ಹಾಕಲ್ವಾ?” ಅಂತ ಸಮತಾ ಕೇಳಿದಳು.

ಅವನು ಸ್ವಲ್ಪ ಯೋಚಿಸಿ, “ಬೇಡ” ಅಂದ. ಸೈಕಲ್ಲಿನ ಪ್ರಬಂಧದ ಫೋಟೋ ತೆಗೆದು ಸೇರಿಸಿ, ಕಳಿಸಿಬಿಟ್ಟ.

ಆಮೇಲೆ ಮೂರು ದಿನ ಮನೆ ಮನೆಯ ಹಾಗಿರಲಿಲ್ಲ. ಯಲ್ಲಮ್ಮ ಎಲ್ಲ ಕೆಲಸ ಮಾಡುತ್ತಿದ್ದಳು, ಜಡೆ ಹಾಕುತ್ತಿದ್ದಳು, ಡಬ್ಬಿ ಕಟ್ಟುತ್ತಿದ್ದಳು. ಮಾತು ಮಾತ್ರ ಕಡಿಮೆ. ಲೋಹಿತ್ ತಾನೇ ಬಡಿಸಿಕೊಂಡು, ತಟ್ಟೆಯನ್ನು ಹೊರಗಿನ ಮೆಟ್ಟಿಲಿಗೆ ಒಯ್ದು ಉಣ್ಣುತ್ತಿದ್ದ. ಸಮತಾ ನಡುವೆ ಕೂತು, ಯಾರ ಕಡೆ ನೋಡುವುದೆಂದು ತಿಳಿಯದೆ ಬೇಗ ಬೇಗ ನುಂಗುತ್ತಿದ್ದಳು.

ಬುಧವಾರ ಸಂಜೆ ಯಲ್ಲಮ್ಮ ಆಗಷ್ಟೇ ಕೆಲಸದಿಂದ ಬಂದಿದ್ದಳು. ಅವಳ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರ್. ಓದುತ್ತಿದ್ದ ಲೋಹಿತ್ ಥಟ್ಟನೆ ಎದ್ದು ನಿಂತ. ಯಾರೂ ಏನೂ ಹೇಳದಿದ್ದರೂ ಮೂವರಿಗೂ ಗೊತ್ತಾಗಿತ್ತು.

ಯಲ್ಲಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಫೋನ್ ಎತ್ತಿದಳು.

“ಹಲೋ. ಹೂಂ ಮೇಡಂ, ಲೋಹಿತನ ಮನೆನೇ.”

ಆ ಕಡೆಯಿಂದ ಏನೋ ಕೇಳಿದರು. ಯಲ್ಲಮ್ಮ ಲೋಹಿತನ ಕಡೆ ನೋಡಿದಳು. ಮೂರು ದಿನದಲ್ಲಿ ಅವಳು ಅವನನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ನಾನಾ? ನಾನು ಅವರಮ್ಮ” ಅಂದಳು. “ಯಲ್ಲಮ್ಮ.”

ಆಮೇಲೆ ಯಲ್ಲಮ್ಮ ಎರಡು ಸಲ “ಹೂಂ ಮೇಡಂ” ಅಂದು, ಫೋನನ್ನು ಮಗನಿಗೆ ಕೊಟ್ಟಳು. ಲೋಹಿತ್ ಕೇಳಿಸಿಕೊಂಡ. “ಎಸ್ ಮೇಡಂ. ಅರ್ಥ ಆಯ್ತು ಮೇಡಂ. ಥ್ಯಾಂಕ್ಯೂ ಮೇಡಂ.” ಫೋನ್ ಕೆಳಗಿಟ್ಟ.

“ಈ ವರ್ಷ ಇಲ್ಲಂತೆ. ಸುಳ್ಳು ಬರೆದ ಅರ್ಜಿ ರದ್ದು ಮಾಡೋದು ಅವ್ರ ರೂಲಂತೆ. ಬೇಕಾದ್ರೆ ಮುಂದಿನ ವರ್ಷ ಹೊಸದಾಗಿ ಹಾಕು ಅಂದ್ರು.”

ಸಮತಾಳಿಗೆ ನಂಬಲಾಗಲಿಲ್ಲ. ನಿಜ ಹೇಳಿದ್ದಾನಲ್ಲ. ಪಾಠದಲ್ಲಾದರೆ ನಿಜ ಹೇಳಿದವರಿಗೆ ಬಹುಮಾನ ಸಿಗುತ್ತದೆ. ಅಣ್ಣನಿಗೆ ಒಂದು ಫೋನ್ ಕಾಲ್ ಬಂತು, ಮುಗಿಯಿತು. “ಹಾಗಂದ್ರೆ ಮೈಸೂರು ಇಲ್ವಾ?” ಅಂತ ಕೇಳಿದಳು.

“ಇಲ್ಲ” ಅಂದ ಲೋಹಿತ್. “ಶಿವಮೊಗ್ಗದಲ್ಲೇ ಬಿಎಸ್ಸಿಗೆ ಹಾಕ್ತೀನಿ. ಆಮೇಲೆ ನೋಡಣ.” ಅವನು ಕೆಳಗಿನ ತುಟಿ ಕಚ್ಚಿಕೊಂಡಿದ್ದ. “ಅಮ್ಮ, ನಿನ್ ಹತ್ರ ಏನಂದ್ರು ಅವ್ರು?” ಅಂದ.

“ಏನಿಲ್ಲ. ಸುಮ್ನಿದ್ರು. ಆಮೇಲೆ, ನಿಮ್ ಧ್ವನಿ ಕೇಳಿ ಸಂತೋಷ ಆಯ್ತಮ್ಮ ಅಂದ್ರು.”

ಯಲ್ಲಮ್ಮ ಎದ್ದು ಅನ್ನದ ಪಾತ್ರೆ, ಸಾರಿನ ಪಾತ್ರೆ ತಂದು ನೆಲದ ಮೇಲಿಟ್ಟಳು. ಸಮತಾ ಮೂರು ತಟ್ಟೆ ತಂದಳು. ಮೂರನೆಯದನ್ನು ಎಲ್ಲಿ ಇಡುವುದೆಂದು ಕೈಯಲ್ಲೇ ಹಿಡಿದುಕೊಂಡು ನಿಂತಳು.

ಲೋಹಿತ್ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ಹೊರಗೆ ಹೋಗಲಿಲ್ಲ. ಅಮ್ಮನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ತಟ್ಟೆಯನ್ನು ಮುಂದೆ ಚಾಚಿದ.

“ಬಡಿಸಮ್ಮ” ಅಂದ.

ಯಲ್ಲಮ್ಮ ಸೌಟು ಎತ್ತಿದಳು. ಒಂದು ಸೌಟು ಅನ್ನ ಹಾಕಿದಳು. ಇನ್ನೊಂದು ಹಾಕಿದಳು. ಲೋಹಿತ್ ಸಾಕು ಅನ್ನಲಿಲ್ಲ. ಮೂರನೆಯದನ್ನೂ ಹಾಕಿದಳು. ಅಷ್ಟು ಅನ್ನ ಅಣ್ಣ ಯಾವತ್ತೂ ಉಣ್ಣುವುದಿಲ್ಲ. ಅಮ್ಮನಿಗೂ ಅದು ಗೊತ್ತು.

ಸಮತಾಳಿಗೆ, ಜಾಸ್ತಿಯಾಯ್ತು ಅಂತ ಹೇಳಬೇಕು ಅನ್ನಿಸಿತು. ಆದರೆ ಇಬ್ಬರ ಮುಖವನ್ನೂ ನೋಡಿ, ಬಾಯಿಗೆ ಬಂದ ಮಾತನ್ನು ಹಾಗೇ ಬಿಟ್ಟು, ಸಾರಿನ ಪಾತ್ರೆಯನ್ನು ಅಮ್ಮನ ಹತ್ತಿರಕ್ಕೆ ಸರಿಸಿದಳು.